ಶ್ರೀಶೈಲಪ್ಪ ಅಂಚೆಗೆ ಹಾಕಿದ ಮೂರು ಮೋರೆಗಳು

ಆಲಮಟ್ಟಿಯ ಕಾಲುವೆ ಕಚೇರಿಯಿಂದ ನಿವೃತ್ತನಾಗಿ ಸಿಂದಗಿಯ ಮನೆಗೆ ಬಂದು ಕೂತಾಗ ಶ್ರೀಶೈಲಪ್ಪನ ಹತ್ತಿರ ಉಳಿದದ್ದು ಎರಡು, ಪಿಂಚಣಿ ಮತ್ತು ಸಿಟ್ಟು. ಪಿಂಚಣಿ ತಿಂಗಳಿಗೊಮ್ಮೆ ಬರುತ್ತಿತ್ತು. ಸಿಟ್ಟಿಗೆ ಅಂಥ ಶಿಸ್ತಿರಲಿಲ್ಲ. ನೌಕರಿಯಲ್ಲಿದ್ದಾಗ ಅದನ್ನು ಖರ್ಚು ಮಾಡಲು ಗುತ್ತಿಗೆದಾರರಿದ್ದರು, ಗೇಟು ಎತ್ತಲು ಮರೆತವರಿದ್ದರು, ಎತ್ತಿದ ಗೇಟು ಇಳಿಸಲು ಮರೆತವರಿದ್ದರು. ಮನೆಯಲ್ಲಿ ಇದ್ದದ್ದು ಹೆಂಡತಿ ಸುನಂದಾ ಒಬ್ಬಳೇ. ಅವಳೋ, ಗಂಡ ಕೂಗಾಡಲು ಶುರುಮಾಡಿದ ಕೂಡಲೇ ರೊಟ್ಟಿ ಬಡಿಯಲು ಕೂಡುತ್ತಿದ್ದಳು. ಆ ಸದ್ದಿನಲ್ಲಿ ಅವನ ಸಿಟ್ಟು ಅರ್ಧ ಅವನಿಗೇ ಕೇಳುತ್ತಿರಲಿಲ್ಲ.

ಏನಾದರೂ ಕೈಕೆಲಸ ಹಿಡಿಯಿರಿ ಎಂದು ಹೇಳಿದವಳು ಅವಳೇ. ಹಿತ್ತಲಲ್ಲಿ ನಾಲ್ಕು ಬದನೆ ಗಿಡ ಹಚ್ಚಲಿ ಎಂಬುದು ಅವಳ ಮನಸ್ಸಿನಲ್ಲಿತ್ತು. ಆದರೆ ಶ್ರೀಶೈಲಪ್ಪ ಮೊಬೈಲಿನಲ್ಲಿ ಯಾರೋ ಪರದೇಶಿ ಮನುಷ್ಯ ಹಲಗೆಗೆ ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ದಾರ ಸುತ್ತಿ, ಒಬ್ಬ ಸುಂದರಿಯ ಮುಖ ಮೂಡಿಸುವುದನ್ನು ನೋಡಿಬಿಟ್ಟ. ಮೊಳೆ ಹೊಡೆಯುವುದು ತನ್ನ ಸ್ವಭಾವಕ್ಕೆ ಒಗ್ಗುವ ಕಲೆ ಎಂದು ಅವನಿಗೆ ಅನಿಸಿತು. ಅನಿಸಿದ್ದರಲ್ಲಿ ತಪ್ಪೇನಿರಲಿಲ್ಲ.

ಮೊದಲ ಕೃತಿ ಒಂದು ಎತ್ತು. ಪಕ್ಕದ ಕಿರಾಣಿ ಅಂಗಡಿಯ ಮಲ್ಲಣ್ಣ ಅದನ್ನು ನೋಡಿ, ಮಲಗುವ ಹೊರಸು ಬಹಳ ಚೆನ್ನಾಗಿ ಬಂದಿದೆ, ನಾಲ್ಕೂ ಕಾಲು ಸರಿಯಾಗಿವೆ ಎಂದು ಹೊಗಳಿದ. ತಿಂಗಳೊಪ್ಪತ್ತು ಶ್ರೀಶೈಲಪ್ಪ ಅವನ ಅಂಗಡಿಯಲ್ಲಿ ಸಕ್ಕರೆ ಕೊಳ್ಳಲಿಲ್ಲ. ಪ್ರಾಣಿಗಳನ್ನು ಮಾಡುವುದರಲ್ಲಿ ಅರ್ಥವಿಲ್ಲ, ಅವು ತಮ್ಮ ಚಿತ್ರ ನೋಡಿ ಮೆಚ್ಚುವುದಿಲ್ಲ, ಇನ್ನು ಮೇಲೆ ಮನುಷ್ಯರ ಮೋರೆಗಳನ್ನೇ ಮಾಡಬೇಕು ಎಂದು ನಿರ್ಧರಿಸಿದ. ದೀಪಾವಳಿ ಹತ್ತಿರ ಬಂದಿತ್ತು. ಮೂರು ಮನೆಗೆ ಮೂರು ಉಡುಗೊರೆ ಎಂದು ಘೋಷಿಸಿ ಸುತ್ತಿಗೆ ಎತ್ತಿಕೊಂಡ.

ಇಂಡಿಯಲ್ಲಿ ಲಿಂಬೆಹಣ್ಣಿನ ವ್ಯಾಪಾರ ಮಾಡುವ ಸುನಂದಾಳ ತಮ್ಮ ಸಂಜೀವಕುಮಾರ ಹೊಸ ಮನೆ ಕಟ್ಟಿದ್ದ. ಅವನಿಗೆ ತೀರಿಹೋದ ಅವನ ತಂದೆಯ, ಅಂದರೆ ತನ್ನ ಮಾವನ ಮುಖ. ಮುದ್ದೇಬಿಹಾಳದಲ್ಲಿದ್ದ ತನ್ನ ಅಕ್ಕ ಗುರವ್ವನಿಗೆ ಅವಳ ಗಂಡನ ಮುಖ. ಬಸವನ ಬಾಗೇವಾಡಿಯಲ್ಲಿ ತೊಗರಿ ಅಡತಿ ಅಂಗಡಿ ಇಟ್ಟಿದ್ದ ಬೀಗ ಸಿದ್ದಾರೂಢ ಸಾವಕಾರನಿಗೆ ಸ್ವತಃ ಅವನದೇ ಮುಖ, ಇಡೀ ಬಾಗೇವಾಡಿಗೆ ಹೆಸರಾದ ಮೀಸೆಯ ಸಮೇತ. ಮಗಳು ರಾಜೇಶ್ವರಿಯನ್ನು ಕೊಟ್ಟ ಮನೆಯಾದ್ದರಿಂದ ಆ ಹಲಗೆಗೆ ಉಳಿದೆರಡಕ್ಕಿಂತ ಹೆಚ್ಚು ಮೊಳೆ ಬಿದ್ದವು.

ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ಒಯ್ದರೆ ಕಲೆಗೆ ಬೆಲೆ ಇರುವುದಿಲ್ಲ, ಅಂಚೆಯಲ್ಲಿ ಹೋದರೆ ಬಿಚ್ಚುವಾಗ ನಾಲ್ಕು ಜನ ಸೇರುತ್ತಾರೆ ಎಂಬುದು ಅವನ ಲೆಕ್ಕ. ಸಿಂದಗಿಯ ಅಂಚೆ ಕಚೇರಿಯ ಕೌಂಟರಿನಲ್ಲಿದ್ದ ಪಲ್ಲವಿ ಎಂಬ ಹುಡುಗಿ ಪಾರ್ಸೆಲ್ ಮುಟ್ಟಿದವಳೇ ಕೈ ಹಿಂದಕ್ಕೆಳೆದುಕೊಂಡಳು. ಬಟ್ಟೆಯ ಸುತ್ತಿನಿಂದ ಮೊಳೆಯ ಚೂಪು ಹೊರಗೆ ಬಂದಿತ್ತು. ಒಳಗೇನಿದೆ ಎಂದು ಕೇಳಿದಳು. ಕಲೆ ಎಂದ. ಕಲೆಗೆ ಗೋಣಿತಟ್ಟು ಸುತ್ತಿಕೊಂಡು ಬರಬೇಕು, ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ ಎಂದಳು. ಶ್ರೀಶೈಲಪ್ಪ ಹಲ್ಲು ಕಡಿಯುತ್ತ ಮನೆಗೆ ಹೋಗಿ ಗೋಣಿತಟ್ಟು ಸುತ್ತಿ ತಂದ. ಮೂರೂ ಪಾರ್ಸೆಲ್ ರಿಜಿಸ್ಟರ್ ಆಗಿ ಹೊರಟವು.

ದೀಪಾವಳಿ ಬಂತು. ಶ್ರೀಶೈಲಪ್ಪ ಮೊಬೈಲನ್ನು ಚಾರ್ಜಿಗೆ ಹಾಕಿ ಅದರ ಪಕ್ಕದಲ್ಲೇ ಕೂತ. ಹಬ್ಬದ ಶುಭಾಶಯಗಳೆಲ್ಲ ಬಂದವು. ಕಲೆಯ ಬಗ್ಗೆ ಒಂದು ಮಾತು ಬರಲಿಲ್ಲ. ಹಬ್ಬ ಮುಗಿದು ಓಣಿಯಲ್ಲಿ ಪಟಾಕಿ ಚೂರುಗಳನ್ನು ಗುಡಿಸಿದ ಮೇಲೆ ಅವನೇ ಫೋನು ಹಚ್ಚಿದ.

"ಇಲ್ಲಲ್ಲ ಮಾಮಾ, ಏನೂ ಬಂದಿಲ್ಲ" ಎಂದ ಸಂಜೀವಕುಮಾರ, ಕೇಳಿದ ಪ್ರಶ್ನೆ ಮುಗಿಯುವ ಮೊದಲೇ.

ಗುರವ್ವ, ತಮ್ಮ ಓಣಿಯಲ್ಲಿ ಅಂಚೆಯವನು ಹಾಯ್ದೇ ಎಷ್ಟೋ ದಿನವಾಯಿತು ಎಂದಳು. ಬೆನ್ನಿಗೇ, ಮಂಗಗಳ ಕಾಟ ನಿಂತಿದೆ ಎಂಬ ಸಂತೋಷದ ಸುದ್ದಿಯನ್ನೂ ಹೇಳಿ ಫೋನಿಟ್ಟಳು. ಬೀಗ ಸಿದ್ದಾರೂಢ ಸಾವಕಾರ ಮಾತ್ರ ಗಂಟಲು ಸರಿಮಾಡಿಕೊಂಡು, "ನಮಗೇನೂ ಮುಟ್ಟಿಲ್ರಿ ಬೀಗರ" ಎಂದ. ಆ ದನಿ ಎಷ್ಟು ಬಿಗಿಯಾಗಿತ್ತೆಂದರೆ, ಉಡುಗೊರೆ ಸಿಗದ ನೋವು ಬೀಗರಿಗೆ ಇಷ್ಟೊಂದು ತಟ್ಟಿದೆಯಲ್ಲ ಎಂದು ಶ್ರೀಶೈಲಪ್ಪನ ಕಣ್ಣು ಒದ್ದೆಯಾಯಿತು. ಒದ್ದೆಯಾದ ಕಣ್ಣು ಒಣಗುವುದರೊಳಗೆ ಕೆಂಪಾಯಿತು.

ಅಂಚೆ ಕಚೇರಿಯಲ್ಲಿ ಪಲ್ಲವಿ ಕಂಪ್ಯೂಟರ್ ನೋಡಿ, ಮೂರೂ ಮುಟ್ಟಿವೆ ಎಂದಳು. ಮುಟ್ಟಿಲ್ಲ ಎಂದು ಇವನು. ಮುಟ್ಟಿವೆ, ತೆಗೆದುಕೊಂಡವರು ಮೊಬೈಲಿನ ಮೇಲೆ ಬೆರಳಿನಿಂದ ಸಹಿ ಮಾಡಿದ್ದಾರೆ ಎಂದು ಆಕೆ. ಬಾಗೇವಾಡಿಯ ಸಹಿಯನ್ನೂ ಅದರ ಪಕ್ಕದಲ್ಲಿದ್ದ ಅಂಚೆಯವನ ಹೆಸರನ್ನೂ ತೋರಿಸಿದಳು. ಸಹಿ ಇರುವೆ ಹರಿದಂತಿತ್ತು. ನಮ್ಮ ಬೀಗರು ಸಾವಕಾರರು, ಅವರ ಸಹಿ ಚೆಕ್ಕಿನ ಮೇಲೆ ಮುತ್ತು ಪೋಣಿಸಿದ ಹಾಗಿರುತ್ತದೆ, ಇದು ನಿಮ್ಮ ಅಂಚೆಯವನೇ ಗೀಚಿದ್ದು ಎಂದು ಶ್ರೀಶೈಲಪ್ಪ ಕೂಗಿದ. ಪಿಂಚಣಿಗೆ ಬಂದವರು, ಆಧಾರ್ ತಿದ್ದಿಸಲು ಬಂದವರು ತಮ್ಮ ಸರದಿ ಬಿಟ್ಟು ಇವನ ಸುತ್ತ ನಿಂತರು. ಪಲ್ಲವಿ ಅರ್ಜಿ ಬರೆದುಕೊಡಿ ಎಂದು ಹಾಳೆ ಮುಂದಿಟ್ಟಳು. ಕಲಾವಿದ ಅರ್ಜಿ ಬರೆಯುವುದಿಲ್ಲ ಎಂದು ಅವನು ಹೊರಗೆ ಬಂದ.

ಮನೆಯಲ್ಲಿ ಸುನಂದಾ ಕೇಳಬಾರದ ಪ್ರಶ್ನೆ ಕೇಳಿದಳು.

"ಅಲ್ರಿ, ಅದನ್ನ ಯಾರು ಕದೀತಾರ್ರಿ?"

ಪಾರ್ಸೆಲ್ ಹೋದದ್ದಕ್ಕಿಂತ ಈ ಮಾತು ಅವನನ್ನು ಹೆಚ್ಚು ಚುಚ್ಚಿತು. ಅವಳಿಗೆ ಉತ್ತರ ಕೊಟ್ಟವನು ಮಲ್ಲಣ್ಣ. ಎತ್ತನ್ನು ಹೊರಸು ಅಂದು ಕಳೆದುಕೊಂಡ ಗಿರಾಕಿಯನ್ನು ಮರಳಿ ಪಡೆಯಲು ಅವನು ಕಾಯುತ್ತಿದ್ದ. ಕೈಯಿಂದ ಮಾಡಿದ ಕಲೆಗೆ ಹೊರದೇಶದಲ್ಲಿ ಬಹಳ ಬೇಡಿಕೆ, ಒಂದು ಹೋದರೆ ಆಕಸ್ಮಿಕ, ಮೂರೂ ಹೋದರೆ ಅದು ತಂಡದ ಕೆಲಸ ಎಂದ. ಶ್ರೀಶೈಲಪ್ಪನಿಗೆ ಜೀವ ಬಂದಂತಾಯಿತು. ಕಳ್ಳರ ಮೇಲಿನ ಸಿಟ್ಟು ಒಂದು ಕಡೆ, ಕದಿಯುವಷ್ಟು ಚೆನ್ನಾಗಿ ಮಾಡಿದೆನಲ್ಲ ಎಂಬ ಹಿಗ್ಗು ಇನ್ನೊಂದು ಕಡೆ. ಎರಡೂ ಸೇರಿ ಅವನು ಸೋಮವಾರದಿಂದ ಧರಣಿ ಎಂದು ಸಾರಿದ.

ಅಂಚೆ ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಜಮಖಾನೆ ಹಾಸಲಾಯಿತು. ಮಲ್ಲಣ್ಣ ತನ್ನ ಅಳಿಯನ ಅಂಗಡಿಯಿಂದ ಮೈಕು ತಂದ. ನೊಂದವರು ಮೂರೂ ಊರಿನಿಂದ ಬರಲೇಬೇಕು ಎಂದು ಶ್ರೀಶೈಲಪ್ಪ ಹಟ ಹಿಡಿದಿದ್ದ. ಬಾರದೆ ಇದ್ದರೆ ಸಂಶಯ ಬಂದೀತೆಂದೋ ಏನೋ, ಮೂವರೂ ಬಂದರು. ಬರುವಾಗ ಮೂವರ ಮುಖವೂ ಸಪ್ಪಗಿತ್ತು. ಆದರೆ ಜಮಖಾನೆಯ ಮೇಲೆ ಕೂತು ಮಾತಾಡುತ್ತ ಹೋದಂತೆ ಒಂದು ವಿಚಿತ್ರ ನಡೆಯಿತು. ಗುರವ್ವನದೂ ಬಂದಿಲ್ಲ, ಸಾವಕಾರರದೂ ಬಂದಿಲ್ಲ ಎಂದು ಗೊತ್ತಾದ ಕೂಡಲೇ ಸಂಜೀವಕುಮಾರನಿಗೆ ನಿಜವಾದ ಸಿಟ್ಟು ಬಂತು. ವಯಸ್ಸಾದ ಹೆಣ್ಣುಮಗಳ ಪಾರ್ಸೆಲ್ ನುಂಗುತ್ತಾರೆಂದರೆ ಇದೆಂಥ ಕಾಲ ಎಂದು ಎದ್ದುನಿಂತ. ಬೀಗ ಸಿದ್ದಾರೂಢ, ತನ್ನದು ಹೋಗಲಿ, ತೀರಿಹೋದ ಹಿರಿಯರ ಚಿತ್ರವನ್ನೂ ಬಿಡಲಿಲ್ಲವಲ್ಲ ಎಂದು ಮೀಸೆ ತಿರುವಿದ. ಗುರವ್ವ ಅಂತೂ ಸೆರಗು ಸೊಂಟಕ್ಕೆ ಸಿಗಿಸಿ, ಬೀಗರ ಮನೆಗೆ ಹೋದ ಉಡುಗೊರೆ ಕದ್ದವರ ಕೈ ಸೇದಿಹೋಗಲಿ ಎಂದು ಶಾಪ ಹಾಕಿದಳು. ಪ್ರತಿಯೊಬ್ಬರೂ ಉಳಿದಿಬ್ಬರ ಸಲುವಾಗಿ ಇಷ್ಟು ಕುದಿಯುವುದನ್ನು ನೋಡಿ ಶ್ರೀಶೈಲಪ್ಪನಿಗೆ ತನ್ನ ಬಳಗದ ಬಗ್ಗೆ ಹೆಮ್ಮೆಯಾಯಿತು. ಅವನು ಮೈಕು ಹಿಡಿದು, ಬಾಗೇವಾಡಿಯ ಅಂಚೆಯವನು ಯುನೂಸ ಕಳ್ಳ ಎಂದು ಬಸ್‌ಸ್ಟ್ಯಾಂಡಿನ ತನಕ ಕೇಳುವಂತೆ ಹೇಳಿದ. ಕಂಪ್ಯೂಟರಿನಲ್ಲಿ ನೋಡಿದ್ದು ಬಾಗೇವಾಡಿಯದೊಂದೇ ಆದ್ದರಿಂದ ಅಂಚೆಯವರಲ್ಲಿ ಅವನ ಹೆಸರೊಂದೇ ಗೊತ್ತಿತ್ತು.

ಧರಣಿಯ ಮೂರನೆಯ ದಿನ ಅಂಚೆಯ ಮೇಲಧಿಕಾರಿಯೊಬ್ಬರು ಜೀಪಿನಲ್ಲಿ ಬಂದರು. ಶಾಂತವಾಗಿ ಕೇಳಿದರು. ತೆಗೆದುಕೊಳ್ಳಬೇಕಾದವರೇ ಇಲ್ಲಿ ಕೂತು ಬಂದಿಲ್ಲ ಎನ್ನುತ್ತಿರುವಾಗ ತಾವೇನೂ ಮಾಡುವಂತಿಲ್ಲ, ವಿಚಾರಣೆ ಮುಗಿಯುವ ತನಕ ಯುನೂಸನನ್ನು ಕೆಲಸದಿಂದ ದೂರ ಇಡಬೇಕಾಗುತ್ತದೆ, ತಪ್ಪು ಸಾಬೀತಾದರೆ ಅವನ ನೌಕರಿ ಹೋಗುತ್ತದೆ, ಮೂವರೂ ಹೇಳಿಕೆ ಕೊಡಿ ಎಂದರು. ಜಮಖಾನೆಯ ಮೇಲೆ ಗದ್ದಲ ಸ್ವಲ್ಪ ತಗ್ಗಿತು. ಸಂಜೀವಕುಮಾರನಿಗೆ ಇಂಡಿಯಲ್ಲಿ ಲಿಂಬೆ ಲಾರಿ ಬರುವುದು ನೆನಪಾಯಿತು. ಗುರವ್ವನಿಗೆ ಮೊಣಕಾಲು ನೋಯತೊಡಗಿತು.

ಅಷ್ಟರಲ್ಲಿ ಬಾಗೇವಾಡಿಯ ಬಸ್ಸಿಳಿದು ಯುನೂಸ ಬಂದ.

ತೆಳ್ಳಗಿನ ಮನುಷ್ಯ, ನಡುವಯಸ್ಸು. ಬಲಗೈ ಹೆಬ್ಬೆರಳಿಗೆ ದಪ್ಪ ಬ್ಯಾಂಡೇಜು. ಸಿಟ್ಟಿನಲ್ಲಿ ಶ್ರೀಶೈಲಪ್ಪನಿಗೆ ಸರಿಸಾಟಿ ಯಾರೂ ಇಲ್ಲ ಎಂದು ಸಿಂದಗಿಯವರು ತಿಳಿದಿದ್ದರು. ಆ ದಿನ ಅವರು ಅಭಿಪ್ರಾಯ ಬದಲಿಸಬೇಕಾಯಿತು. ಯುನೂಸ ಕೂಗಲಿಲ್ಲ. ನೇರವಾಗಿ ಜಮಖಾನೆಯ ಅಂಚಿಗೆ ಬಂದು, ಚಪ್ಪಲಿ ಬಿಟ್ಟು, ಸಿದ್ದಾರೂಢ ಸಾವಕಾರನ ಎದುರು ಕೂತ.

"ಸಾವಕಾರ್ರ, ನನ್ನ ಮಾರಿ ನೋಡಿ ಹೇಳ್ರಿ. ಪಾರ್ಸೆಲ್ಲ ಮುಟ್ಟಿಲ್ಲ?"

ಸಾವಕಾರ ಬೇವಿನ ಗಿಡ ನೋಡಿದ.

ಯುನೂಸ ಅಧಿಕಾರಿಯ ಕಡೆ ತಿರುಗಿದ. "ಅಂಗಡ್ಯಾಗ ಇವರ ಕೈಯಾಗ ಕೊಟ್ಟೇನ್ರಿ ಸಾಹೇಬ್ರ. ಕೊಡುವಾಗ ಮೊಳಿ ಬಡದು ನನ್ನ ಬಟ್ಟು ಹರೀತು, ದವಾಖಾನಿಗೆ ಹೋಗಿ ಸೂಜಿ ಮಾಡಿಸಿಕೊಂಡೇನಿ. ನನ್ನ ಮುಂದೇ ಬಿಚ್ಚಿ ನೋಡಿದ್ರು. 'ಯುನೂಸ, ಇದೇನಿದು, ಕೋಣ ಏನೋ' ಅಂದ್ರು. ನಾ ಮೀಸಿ ನೋಡಿ ಗುರ್ತ ಹಿಡದೆ. 'ಇವ್ರು ನೀವೇ ಅದೀರ್ರಿ' ಅಂದೆ. ಅವತ್ತಿನಿಂದ ನನ್ನ ಕೂಡ ಮಾತು ಬಿಟ್ಟಾರ. ಈಗ ನಾ ಕಳ್ಳ ಅಂತ. ನಮ್ಮವ್ವ ಎರಡು ದಿನದಿಂದ ಊಟಾ ಬಿಟ್ಟಾಳ."

ಶ್ರೀಶೈಲಪ್ಪ ಬೀಗನ ಕಡೆ ತಿರುಗಿದ. ಇಷ್ಟು ದೊಡ್ಡ ಸುಳ್ಳು ಹೊರಬಿದ್ದಾಗ ಮನುಷ್ಯ ಮೊದಲು ಏನು ಕೇಳಬೇಕೋ ಅದನ್ನು ಅವನು ಕೇಳಲಿಲ್ಲ.

"ಕೋಣ?" ಎಂದ.

ಸಾವಕಾರನ ಸಹನೆ ಅಲ್ಲಿಗೆ ಮುಗಿಯಿತು. ಹೌದು, ಬಂದಿದೆ, ಗೋದಾಮಿನಲ್ಲಿ ತೊಗರಿ ಚೀಲದ ಅಡಿಯಲ್ಲಿದೆ ಎಂದು ಎದ್ದುನಿಂತ. ಒಂದು ಕಣ್ಣು ಕಿವಿಯ ಹತ್ತಿರ, ಇನ್ನೊಂದು ಮೂಗಿನ ಮೇಲೆ, ಮೀಸೆಯೋ ಕೊಂಬಿನ ಹಾಗೆ ಮೇಲಕ್ಕೆ ಹೋಗಿದೆ. ಅಂಗಡಿಯ ಹಮಾಲರು ನೋಡಿದ್ದರೆ ತಾನು ಬಾಗೇವಾಡಿಯಲ್ಲಿ ತಲೆ ಎತ್ತಿ ತಿರುಗುವಂತಿರಲಿಲ್ಲ. ಮದುವೆಯಲ್ಲಿ ತಾನು ಬದನೆಕಾಯಿ ಪಲ್ಯಕ್ಕೆ ಉಪ್ಪು ಸಾಲದು ಎಂದದ್ದಕ್ಕೆ ಬೀಗರು ಇಷ್ಟು ವರ್ಷ ಕಾದು ಸೇಡು ತೀರಿಸಿಕೊಂಡಿದ್ದಾರೆಂದು ತಿಳಿದೆ, ಸೊಸೆಯ ಮುಖ ನೋಡಿ ನುಂಗಿಕೊಂಡೆ ಎಂದ.

ಸಂಜೀವಕುಮಾರ ಜಮಖಾನೆಯಿಂದ ಹಾರಿದ. ಹಿರಿಯರಾಗಿ ಇಂಥ ಸುಳ್ಳು ಹೇಳಬಹುದೇ, ಒಬ್ಬ ಬಡವನ ನೌಕರಿ ಹೋಗುತ್ತಿತ್ತಲ್ಲ, ನಾಚಿಕೆಯಾಗಬೇಕು ಎಂದು ಸಾವಕಾರನ ಮೇಲೆ ಏರಿಹೋದ. ಅವನ ದನಿ ಮೇಲಕ್ಕೆ ಹೋದಾಗ ಕಿವಿ ಕೆಂಪಾಗುವುದನ್ನು ಜಮಖಾನೆಯ ಮೂಲೆಯಲ್ಲಿ ಕೂತಿದ್ದ ಸುನಂದಾ ಅವನ ಬಾಲ್ಯದಿಂದ ನೋಡಿದ್ದಳು. ಬೆಲ್ಲ ಕದ್ದಾಗಲೂ ಹೀಗೇ ಆಗುತ್ತಿತ್ತು.

"ಸಂಜು, ಅಪ್ಪನ್ನ ಎಲ್ಲಿ ಇಟ್ಟಿ?" ಎಂದಳು.

ಅಟ್ಟದ ಮೇಲೆ ಎಂದ ಅವನು. ಹಲಗೆಯ ಮುಖ ಗೋಡೆ ಕಡೆ ಮಾಡಿ ಇಟ್ಟಿದ್ದ.

ಗುರವ್ವ ಅಷ್ಟರಲ್ಲಿ ಚಪ್ಪಲಿ ಹುಡುಕುತ್ತಿದ್ದಳು. ಶ್ರೀಶೈಲಪ್ಪ ಅವಳ ಕೈ ಹಿಡಿದು ನಿಲ್ಲಿಸಿದಾಗ, ತನ್ನದು ಹಾಳಾಗಿಲ್ಲ, ಒಳ್ಳೆ ಉಪಯೋಗಕ್ಕೆ ಬಂದಿದೆ ಎಂದು ಅಭಿಮಾನದಿಂದಲೇ ಹೇಳಿದಳು. ಮಾಳಿಗೆಯ ಮೇಲೆ ಕಟ್ಟಿದ್ದಾಳೆ. ಮಂಗಗಳು ಅವಳ ಗಂಡನ ಮುಖ ನೋಡಿದ್ದೇ ಪಕ್ಕದ ಮನೆಗೆ ಹೋಗಿವೆ. ಪಕ್ಕದ ಮನೆಯವರು ಅಂಥದ್ದೇ ಒಂದು ತಮಗೂ ಬೇಕು ಎನ್ನುತ್ತಿದ್ದಾರೆ. ಹೇಳಿದರೆ ನಿನಗೆ ಬೇಜಾರಾದೀತೆಂದು ಹೇಳಲಿಲ್ಲ ಎಂದಳು.

ಬಾಗೇವಾಡಿಯವನು ಮುದ್ದೇಬಿಹಾಳದವಳಿಗೆ ಸುಳ್ಳಿ ಎಂದ. ಮುದ್ದೇಬಿಹಾಳದವಳು ಇಂಡಿಯವನಿಗೆ ಕಳ್ಳ ಎಂದಳು. ಇಂಡಿಯವನು ಇಬ್ಬರಿಗೂ ಸೇರಿಸಿ ಅಂದ. ಒಬ್ಬರ ಸಲುವಾಗಿ ಒಬ್ಬರು ಬಿಸಿಲಲ್ಲಿ ಕೂತು ಗಂಟಲು ಹರಿದುಕೊಂಡದ್ದು ಅವರಿಗೆ ಈಗ ತಡೆಯಲಾಗದ ಮೋಸವಾಗಿ ಕಾಣುತ್ತಿತ್ತು. ಅಧಿಕಾರಿ ತಮ್ಮ ಹಾಳೆಗಳನ್ನು ಮಡಚಿ, ನಿಮ್ಮ ಮನೆಯ ಜಗಳ ಮನೆಯಲ್ಲಿ ಮುಗಿಸಿಕೊಳ್ಳಿ ಎಂದು ಜೀಪು ಹತ್ತಿದರು. ಪಲ್ಲವಿ ಒಳಗಿನಿಂದ ಎಲ್ಲರಿಗೂ ನೀರು ತಂದುಕೊಟ್ಟಳು. ಅವಳು ನಗುತ್ತಿರಲಿಲ್ಲ. ಆದರೆ ನಗದೆ ಇರಲು ಪಡುತ್ತಿದ್ದ ಕಷ್ಟ ಎದ್ದು ಕಾಣುತ್ತಿತ್ತು.

ಯುನೂಸ ಕೂತಲ್ಲಿಂದ ಎದ್ದಿರಲಿಲ್ಲ. ಶ್ರೀಶೈಲಪ್ಪ ಅವನ ಹತ್ತಿರ ಹೋಗಿ, ಆದದ್ದು ಆಯಿತು, ತಪ್ಪಾಯಿತು ಎಂದು ಮೆಲ್ಲಗೆ ಹೇಳಿದ.

"ಕಿವ್ಯಾಗ ಬ್ಯಾಡ್ರಿ" ಎಂದ ಯುನೂಸ. "ಕಳ್ಳ ಅಂತ ಮೈಕಿನ್ಯಾಗ ಅಂದೀರಿ. ಅಲ್ಲ ಅಂತನೂ ಮೈಕಿನ್ಯಾಗೇ ಅನ್ರಿ. ಬಸ್‌ಸ್ಟ್ಯಾಂಡಿಗೆ ಕೇಳಬೇಕು."

ಇಡೀ ಆಯುಷ್ಯದಲ್ಲಿ ಶ್ರೀಶೈಲಪ್ಪ ಯಾರ ಕ್ಷಮೆಯನ್ನೂ ಗಟ್ಟಿಯಾಗಿ ಕೇಳಿದವನಲ್ಲ. ಅದಕ್ಕೆ ಬೇಕಾದ ದನಿ ಅವನ ಗಂಟಲಲ್ಲಿ ಇರಲೇ ಇಲ್ಲ. ಮೈಕು ಹಿಡಿದು, ಇದ್ದ ಒಂದೇ ದನಿಯಲ್ಲಿ, ಬಾಗೇವಾಡಿಯ ಯುನೂಸ ಕಳ್ಳನಲ್ಲ, ಅವನು ಪ್ರಾಮಾಣಿಕ ಮನುಷ್ಯ, ಸುಳ್ಳು ಹೇಳಿದವರು ನನ್ನ ಬಳಗದವರು, ಅದನ್ನು ನಂಬಿದವನು ನಾನು, ನನಗೆ ಬುದ್ಧಿಯಿಲ್ಲ ಎಂದು ಗುಡುಗಿದ. ಕೇಳಿದವರಿಗೆ ಬೈಗುಳವೋ ಹೊಗಳಿಕೆಯೋ ತಿಳಿಯಲಿಲ್ಲ. ಬಸ್‌ಸ್ಟ್ಯಾಂಡಿನ ಕಡೆಯಿಂದ ನಾಲ್ಕು ಜನ ಹೊಸ ಜಗಳ ಶುರುವಾಯಿತೆಂದು ಓಡಿಬಂದರು. ಯುನೂಸ ಅವರನ್ನು ತಡೆದು, ಸಾಹೇಬರು ನನ್ನ ಕ್ಷಮೆ ಕೇಳುತ್ತಿದ್ದಾರೆ, ನಿಂತು ಕೇಳಿ ಎಂದ. ಇನ್ನೊಮ್ಮೆ ಹೇಳಿಸಿದ. ಆಮೇಲೆ ಮೊಬೈಲು ತೆಗೆದು, ತಾಯಿಗೆ ಫೋನು ಹಚ್ಚಿ, ಮೂರನೆಯ ಸಲ ಹೇಳಿಸಿದ. ಆ ಕಡೆಯಿಂದ ಮುದುಕಿ, ಯಾರಿವರು ಇಷ್ಟು ಸಿಟ್ಟಿನಿಂದ ಮಾತಾಡುತ್ತಾರಲ್ಲ ಎಂದು ಕೇಳಿದ್ದು ಎಲ್ಲರಿಗೂ ಕೇಳಿಸಿತು. ಇವರು ಸಮಾಧಾನದಲ್ಲಿದ್ದಾಗ ಹೀಗೇ ಇರುತ್ತಾರೆ, ನೀ ಉಣ್ಣು ಎಂದು ಯುನೂಸ ಹೇಳಿ ಚಪ್ಪಲಿ ಮೆಟ್ಟಿಕೊಂಡ.

ಮನೆಗೆ ಬಂದು ಶ್ರೀಶೈಲಪ್ಪ ಸುತ್ತಿಗೆಯನ್ನು ಅಟ್ಟಕ್ಕೆ ಎಸೆದ. ಉಣ್ಣಲಿಲ್ಲ. ಸುನಂದಾಳ ಮೇಲೆ ಹಾಯುವುದಕ್ಕೂ ಅವನಲ್ಲಿ ಸಿಟ್ಟು ಉಳಿದಿರಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ಮರುದಿನ ಬೆಳಿಗ್ಗೆ ಅವಳು ಸೀರೆ ಉಟ್ಟು ಚೀಲ ಹಿಡಿದು ನಿಂತಳು.

"ಏಳ್ರಿ, ಇಂಡಿಗೆ ಹೋಗೂಣು. ನಮ್ಮಪ್ಪನ್ನ ನಾ ನೋಡಬೇಕು."

ಇಂಡಿಯ ಹೊಸ ಮನೆಯಲ್ಲಿ ಸಂಜೀವಕುಮಾರ ಅಕ್ಕನ ಎದುರು ತಲೆ ಎತ್ತದೆ ಅಟ್ಟ ಹತ್ತಿದ. ಹಲಗೆ ಇಳಿಸಿ, ಧೂಳು ಜಾಡಿಸಿ, ಪಡಸಾಲೆಯ ಕಂಬಕ್ಕೆ ಆನಿಸಿ ಇಟ್ಟು ದೂರ ಸರಿದ. ಶ್ರೀಶೈಲಪ್ಪ ಬಾಗಿಲಲ್ಲೇ ನಿಂತಿದ್ದ. ಅವನಿಗೂ ಈಗ ಅದು ಕಂಡಿತು. ಹುಬ್ಬುಗಳು ಕಣ್ಣಿನ ಮೇಲೆ ಇಳಿದುಬಿಟ್ಟಿದ್ದವು, ತುಟಿ ಒಂದು ಕಡೆ ಗಂಟುಹಾಕಿಕೊಂಡಿತ್ತು, ಕರಿ ದಾರದ ಆ ಮೋರೆ ಕೋಣೆಯಲ್ಲಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ದುರುಗುಟ್ಟುತ್ತಿತ್ತು. ಇದನ್ನು ಮನೆಯಲ್ಲಿಟ್ಟರೆ ತುತ್ತು ಇಳಿಯುವುದಿಲ್ಲ ಅಕ್ಕಾ ಎಂದು ಸಂಜೀವಕುಮಾರ ಗೊಣಗಿದ.

ಸುನಂದಾ ಹಲಗೆಯ ಮುಂದೆ ಬಹಳ ಹೊತ್ತು ಕೂತಳು. ಆಮೇಲೆ ಸೆರಗು ಬಾಯಿಗೆ ಹಿಡಿದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗಂಡನಿಗೂ ತಮ್ಮನಿಗೂ ತಿಳಿಯಲಿಲ್ಲ. ಎರಡನ್ನೂ ಮಾಡುತ್ತಿದ್ದಳು.

"ಸಂಜು, ನಿನಗ ನೆನಪಿಲ್ಲೇನು? ನಾವು ಸಾಲಿ ತಪ್ಪಿಸಿ ಬಂದಾಗ ಅಪ್ಪ ಕಟ್ಟಿ ಮ್ಯಾಲೆ ಹಿಂಗೇ ಕುಂದರ್ತಿದ್ದ. ಹೊಡೀತಿರಲಿಲ್ಲ. ಬರೇ ಹಿಂಗ ನೋಡ್ತಿದ್ದ. ಫೋಟೋದಾಗ ನಗತಾನಲ್ಲ, ಅದು ಅಪ್ಪ ಅಲ್ಲ, ಅದು ಸ್ಟುಡಿಯೋದಾಂವ ನಗು ಅಂದಿದ್ದ. ಇದು ಅಪ್ಪ."

ಸಂಜೀವಕುಮಾರ ಬಗ್ಗಿ ನೋಡಿದ. ಅವನ ಕಿವಿ ಕೆಂಪಾಯಿತು. ಎದ್ದು, ಬಾಗಿಲ ಎದುರಿನ ಗೋಡೆಯಲ್ಲಿದ್ದ ಹೊಳೆಯುವ ಗಡಿಯಾರ ತೆಗೆದ. ಅಲ್ಲಿ ಅಪ್ಪನನ್ನು ತೂಗುಹಾಕಿದ. ತೂಗುಹಾಕಿದವನು ತನಗೇ ಗೊತ್ತಿಲ್ಲದೆ ಅಂಗಿಯ ಗುಂಡಿ ಸರಿಮಾಡಿಕೊಂಡ.

ಸುನಂದಾ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದಳು. ಮಾವನ ಈ ನೋಟ ನಿಮಗೆ ಹೇಗೆ ಸಿಕ್ಕಿತು, ನೀವು ಬಂದಾಗಲೆಲ್ಲ ಅವನು ಅಳಿಯ ಎಂದು ನಗುತ್ತಲೇ ಇರುತ್ತಿದ್ದನಲ್ಲ ಎಂದು ಕೇಳಿದಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ಗಂಡನನ್ನು ಅಷ್ಟು ಮೆಚ್ಚುಗೆಯಿಂದ ನೋಡಿದ್ದು ಅದೇ ಮೊದಲು.

ಶ್ರೀಶೈಲಪ್ಪನಿಗೆ ಉತ್ತರ ಗೊತ್ತಿತ್ತು. ಅವನೂ ಮಾವನನ್ನು ನಗುಮುಖದವನನ್ನಾಗಿಯೇ ಮಾಡಲು ಹೊರಟಿದ್ದ. ನಡುವೆ ಸಣ್ಣ ಮೊಳೆ ಮುಗಿದವು, ಅಂಗಡಿಗೆ ಹೋಗಲು ಬೇಸರವಾಯಿತು, ಹುಬ್ಬನ್ನು ಕಣ್ಣಿನ ಮೊಳೆಗೇ ಸುತ್ತಿಬಿಟ್ಟಿದ್ದ. ಬಾಯಿಯ ಇನ್ನೊಂದು ತುದಿಗೆ ಮೊಳೆಯೇ ಇರಲಿಲ್ಲ.

ಹೇಳಲು ಬಾಯಿ ತೆರೆದ. ಹೆಂಡತಿಯ ಮುಖ ನೋಡಿದ. ಗೋಡೆಯ ಮೇಲಿನ ಮಾವನ ಮುಖವನ್ನೂ ನೋಡಿದ. ನಾಲ್ಕು ಊರಿಗೆ ಕೇಳುವಂತೆ ಕೂಗಿ ಬಾಳಿದ ಆ ಮನುಷ್ಯ, ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿಕೊಂಡು, ಸಂಜೀವಕುಮಾರ ಕೊಟ್ಟ ಚಹಾ ಕುಡಿಯತೊಡಗಿದ.